ನೆರಡಿ ರೋಗವೂ ನೋವಿಲ್ಲದ ಕರಿಯ ಹುಣ್ಣೂ

ಪ್ರಾಣಿಗಳಿಂದ ಮನುಷ್ಯನಿಗೆ ತಗಲುವ ರೋಗಗಳು ಯಾವುವು ಎಂದು ಕೇಳಿದರೆ ನಮ್ಮಲ್ಲಿ ಹಲವರು ಮೊದಲು ಹುಚ್ಚುನಾಯಿಯ ಕಡಿತವನ್ನು ಹೇಳುವರು. ಆಮೇಲೆ ಇಲಿಗಳ ಪ್ಲೇಗನ್ನು ನೆನೆಯುವರು. ಮಲೆನಾಡಿನ ಪರಿಚಯವುಳ್ಳವರು ಮಂಗನ ಕಾಯಿಲೆಯನ್ನೂ ಸೇರಿಸುವರು. ಇವುಗಳ ಸಾಲಿನಲ್ಲಿಯೇ ನಿಲ್ಲತಕ್ಕ ಇನ್ನೊಂದು ರೋಗವುಂಟು. ಹಳ್ಳಿಯಲ್ಲಿ ದನಕುರಿಗಳನ್ನು ಸಾಕಿದವರಿಗೆ ಅದರ ಹೆಸರು ಗೊತ್ತು. ಪಟ್ಟಣದ ವಿದ್ಯಾವಂತರ ಮಾತಿನಲ್ಲಿ ಅದು ಅಷ್ಟಾಗಿ ಸುಳಿಯುವುದಿಲ್ಲ. ನಮ್ಮ ರೈತರು ಅದನ್ನು ನೆರಡಿ ಎನ್ನುವರು. ವೈದ್ಯರು ಆಂಥ್ರಾಕ್ಸ್ ಎನ್ನುವರು. ಆಂಥ್ರಾಕ್ಸ್ ಎಂಬುದು ಗ್ರೀಕರ ಮಾತು. ಇದ್ದಲು ಎಂದು ಅದರ ಅರ್ಥ. ಈ ರೋಗ ಮನುಷ್ಯನ ಚರ್ಮಕ್ಕೆ ತಗಲಿದಾಗ ಏಳುವ ಹುಣ್ಣು ಇದ್ದಲಿನ ಚೂರನ್ನು ಮೈಯಲ್ಲಿ ಹುಗಿದಿಟ್ಟಂತೆ ಕಪ್ಪಾಗಿ ಕಾಣುವುದರಿಂದ ಆ ಹೆಸರು ನಿಂತಿತು.

ಈ ರೋಗವನ್ನು ಕುರಿತು ತಿಳಿಯತಕ್ಕದ್ದು ಬಹಳವಿದ್ದರೂ ನೆನಪಿನಲ್ಲಿ ಇಡತಕ್ಕದ್ದು ಒಂದೇ ಮಾತು: ಕಾರಣ ತಿಳಿಯದೆ ಹಠಾತ್ತನೆ ಸತ್ತ ದನವನ್ನು ಕುಯ್ಯಬಾರದು. ಈ ಮಾತು ಹೇಳುವುದಕ್ಕೆ ಸುಲಭ. ಆದರೆ ಸತ್ತ ದನದ ಮಾಂಸ, ಚರ್ಮಗಳ ಹೊರತು ಬೇರೆ ಗತಿಯಿಲ್ಲದವನು ಇದನ್ನು ಪಾಲಿಸುವುದು ಕಷ್ಟ. ಆದ ಕಾರಣ ಇದರ ಹಿಂದಿರುವ ನ್ಯಾಯವೇನು, ಇದರ ಭಾರವನ್ನು ಹೊರತಕ್ಕವರು ಯಾರು, ಎಂಬೆರಡನ್ನೂ ನಾವು ಈ ಹೊತ್ತು ವಿಚಾರ ಮಾಡೋಣ.

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ಕೊಡಗಿನ ಸಿದ್ದಾಪುರವನ್ನು ತೆಗೆದುಕೊಳ್ಳೋಣ. ಅಲ್ಲಿ ನೆರಡಿ ಎದ್ದಿದೆಯೆಂದು ಯಾರೂ ಗಾಬರಿಯಾಗಬೇಕಾದ್ದಿಲ್ಲ. ಅಂಥ ಸುದ್ದಿಯನ್ನು ಹೇಳುವುದಕ್ಕೆ ನಾವು ಹೊರಟಿಲ್ಲ. ಆ ಊರನ್ನು ಆರಿಸುವುದಕ್ಕೆ ಕಾರಣ ಬೇರೆ. ಕಾವೇರಿಯ ದಡದ ಆ ಸಣ್ಣ ಪೇಟೆಯ ಸುತ್ತಲೂ ಕಾಫಿಯ ತೋಟಗಳು. ತೋಟಗಳಲ್ಲಿ ಕೂಲಿಕಾರರ ಸಾಲುಮನೆಗಳು. ಮನೆಗಳ ಬಳಿ ಒಂದೆರಡು ಹಸು, ನಾಲ್ಕಾರು ಆಡು. ಮಾಲ್ದಾರೆಯ ಕಡೆಯ ಕಾಡಿನಿಂದ ಇಳಿದ ಆನೆಗಳು ಹಗಲೆಲ್ಲ ಕಾಫಿ ಗಿಡಗಳ ನೆರಳಿನಲ್ಲಿಯೇ ನಿಂತಿದ್ದು ಇರುಳು ಹೊರಡುವುದು ಅಲ್ಲಿಯವರಿಗೆ ನಿತ್ಯದ ಅನುಭವ. ದುಬಾರೆಯ ಆನೆಬಿಡಾರವೂ ದೂರವಲ್ಲ. ಸಂತೆಗೆ ಬಯಲುಸೀಮೆಯಿಂದ ಕುರಿ ಮೇಕೆಗಳು ಬರುವುವು. ಹೀಗೆ ಮನೆಯ ದನ, ಕಾಡಿನ ಮೃಗ, ಹೊರಗಿನಿಂದ ಬಂದ ಕುರಿ, ಕತ್ತಿ ಹಿಡಿದು ದುಡಿಯುವ ಮನುಷ್ಯ, ಈ ನಾಲ್ವರೂ ಒಂದೇ ಮಣ್ಣನ್ನು ತುಳಿಯುವ ಊರು ಅದು. ನೆರಡಿಯೆಂಬುದು ಮಣ್ಣಿನಲ್ಲಿ ಅಡಗುವ ರೋಗವಾದ್ದರಿಂದ ಇಂಥ ಊರಿನವರು ಅದನ್ನು ಅರಿತಿರುವುದು ಮೇಲು. ತೋಟದ ಒಡೆಯರು ಅನೇಕರು ಮೈಸೂರು ಬೆಂಗಳೂರುಗಳಲ್ಲಿ ವಾಸಮಾಡುತ್ತಿರುವುದರಿಂದ ಇದು ಪಟ್ಟಣದವರ ವಿಷಯವೂ ಹೌದು.

ಈ ರೋಗಕ್ಕೆ ಕಾರಣವಾದ ಜೀವಿ ಒಂದು ದಂಡಾಣು, ಎಂದರೆ ಕೋಲಿನ ಆಕಾರದ ಸೂಕ್ಷ್ಮಜೀವಿ. ಅದರ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಉದ್ದ ಅದರ ಐದಾರರಷ್ಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನೇಕ ದಂಡಾಣುಗಳು ತುದಿಗೆ ತುದಿ ಸೇರಿ, ಗಿಣ್ಣುಗಳಿರುವ ಬಿದಿರ ಗಳುವಿನಂತೆ ಸಾಲಾಗಿ ಕಾಣುವುವು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ದಂಡಾಣುವಿಗೆ ಒಂದು ಹಿರಿಯ ಸ್ಥಾನವಿದೆ. ಇಂಥ ರೋಗಕ್ಕೆ ಇಂಥ ಕ್ರಿಮಿಯೇ ಕಾರಣವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಮೊದಲ ಬಾರಿಗೆ ಸ್ಥಾಪಿತವಾದದ್ದು ಇದರ ವಿಷಯದಲ್ಲಿಯೇ. ಅದನ್ನು ಸ್ಥಾಪಿಸಿದವನು ಜರ್ಮನಿಯ ಒಂದು ಸಣ್ಣ ಊರಿನಲ್ಲಿ ವೈದ್ಯನಾಗಿದ್ದ ರಾಬರ್ಟ್ ಕಾಕ್. ದೊಡ್ಡ ಪ್ರಯೋಗಶಾಲೆಯಾಗಲಿ ವಿಶ್ವವಿದ್ಯಾನಿಲಯದ ನೆರವಾಗಲಿ ಇಲ್ಲದೆ, ಮನೆಯಲ್ಲಿಯೇ ಒಂದು ಸೂಕ್ಷ್ಮದರ್ಶಕವನ್ನು ಇಟ್ಟುಕೊಂಡು, ಸತ್ತ ಪಶುವಿನ ರಕ್ತವನ್ನು ಸಣ್ಣ ಕಡ್ಡಿಯ ಮೊನೆಯಿಂದ ಇಲಿಗಳ ಮೈಗೆ ಸೋಂಕಿಸಿ, ಆತನು ನಡೆಸಿದ ಪರಿಶೀಲನೆಗಳು 1876ರಲ್ಲಿ ಬೆಳಕಿಗೆ ಬಂದವು.

ಕಾಕ್ ಕಂಡುಹಿಡಿದದ್ದರಲ್ಲಿ ನಮ್ಮ ಈ ದಿನದ ವಿಷಯಕ್ಕೆ ಮುಖ್ಯವಾದ ಅಂಶ ಇನ್ನೊಂದಿದೆ. ಈ ದಂಡಾಣು ಎರಡು ಅವಸ್ಥೆಗಳಲ್ಲಿ ಬಾಳುವುದು. ಪಶುವಿನ ರಕ್ತದಲ್ಲಿ ಅದು ಬೆಳೆಯುವ, ಹೆಚ್ಚುವ ಅವಸ್ಥೆಯಲ್ಲಿರುತ್ತದೆ. ಸಾಯುವ ಹೊತ್ತಿಗೆ ದನದ ಒಂದು ಮಿಲಿಲೀಟರು ರಕ್ತದಲ್ಲಿ ಕೋಟಿಗಟ್ಟಲೆ ದಂಡಾಣುಗಳಿರುವುದುಂಟು. ಆದರೆ ಈ ಅವಸ್ಥೆಯಲ್ಲಿ ಅದು ಬಲಹೀನವಾದ ಜೀವಿ. ಬಿಸಿಗೆ ಸಾಯುವುದು, ಔಷಧಿಗೆ ಸಾಯುವುದು, ಹೆಣ ಕೊಳೆಯುವಾಗ ಹುಟ್ಟುವ ಬೇರೆ ಕ್ರಿಮಿಗಳ ಮುಂದೆ ನಿಲ್ಲಲಾರದೆಯೂ ಸಾಯುವುದು. ಗಾಳಿ ಸೋಕಿದಾಗ ಮಾತ್ರ ಅದು ಇನ್ನೊಂದು ರೂಪವನ್ನು ತಾಳುತ್ತದೆ. ತನ್ನ ಜೀವದ ತಿರುಳನ್ನೆಲ್ಲ ಒಳಗೆ ಸೆಳೆದುಕೊಂಡು, ಸುತ್ತಲೂ ಗಟ್ಟಿಯಾದ ಚಿಪ್ಪನ್ನು ಕಟ್ಟಿಕೊಂಡು, ಉಣ್ಣದೆ ಬೆಳೆಯದೆ ಮಲಗಿಬಿಡುವುದು. ಇದನ್ನು ಬೀಜಾಣು ಎನ್ನಬಹುದು. ಒಣಗಿದ ರಾಗಿಯ ಕಾಳು ಕಣಜದಲ್ಲಿ ವರ್ಷಗಟ್ಟಲೆ ಉಳಿದು ಹದ ಸಿಕ್ಕಾಗ ಮೊಳೆಯುವಂತೆ, ಈ ಬೀಜಾಣುವೂ ಮಣ್ಣಿನಲ್ಲಿ ಕಾದಿದ್ದು ಇನ್ನೊಂದು ಪ್ರಾಣಿಯ ಮೈಯೊಳಕ್ಕೆ ಸೇರಿದಾಗ ಎಚ್ಚರಗೊಳ್ಳುವುದು.

ಈಗ ಮೊದಲು ಹೇಳಿದ ಮಾತಿನ ನ್ಯಾಯವು ತಾನಾಗಿಯೇ ಹೊಳೆಯುವುದಲ್ಲವೆ? ನೆರಡಿಯಿಂದ ಸತ್ತ ದನದ ಹೆಣವನ್ನು ಬಿಚ್ಚದೆ ಬಿಟ್ಟರೆ ಒಳಗೆ ಗಾಳಿಯಿಲ್ಲ; ಗಾಳಿಯಿಲ್ಲದೆ ಬೀಜಾಣು ಹುಟ್ಟಲಾರದು. ನಮ್ಮ ಹವೆಯಲ್ಲಿ ಹೆಣ ಬೇಗ ಕೊಳೆಯುವುದರಿಂದ ಎರಡು ಮೂರು ದಿನಗಳೊಳಗಾಗಿ ಒಳಗಿನ ದಂಡಾಣುಗಳಲ್ಲಿ ಬಹುಪಾಲು ಅಲ್ಲಿಯೇ ನಾಶವಾಗುವುವು. ಕತ್ತಿಯನ್ನು ಹಾಕಿದೊಡನೆಯೇ ಎಲ್ಲವೂ ತಲೆಕೆಳಗಾಗುತ್ತದೆ. ರಕ್ತವು ನೆಲಕ್ಕೆ ಹರಿಯುವುದು, ಗಾಳಿ ಸೋಕುವುದು, ಕೋಟಿಗಟ್ಟಲೆ ಬೀಜಾಣುಗಳು ಹುಟ್ಟುವುವು. ಕುಯ್ದವನ ಕೈ, ಹೊತ್ತವನ ಹೆಗಲು, ಒಣಹಾಕಿದ ಚರ್ಮ, ಕುಯ್ದ ಜಾಗದ ಮಣ್ಣು, ಆ ಮಣ್ಣನ್ನು ಕೊಚ್ಚಿಕೊಂಡು ಹೋಗುವ ಮಳೆನೀರು, ಎಲ್ಲೆಲ್ಲಿಯೂ ಅವು ಸೇರುವುವು. ನಾಯಿ ನರಿ ಕಾಗೆಗಳು ಹೆಣವನ್ನು ಕಿತ್ತರೂ ಆಗುವುದು ಇದೇ. ರೋಗವು ಪಶುವಿನ ಮೈಯಲ್ಲಿ ಹುಟ್ಟುವುದು ನಿಜ. ಆದರೆ ಅದು ಊರಿನ ನೆಲಕ್ಕೆ ಇಳಿದು ತಳವೂರುವುದು ಕತ್ತಿಯ ಬಾಯಿಂದ.

ತಳವೂರಿದ ಮೇಲೆ ಅದನ್ನು ಕೀಳುವುದು ಎಷ್ಟು ಪ್ರಯಾಸವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ಸರಕಾರದವರು ಸ್ಕಾಟ್ಲೆಂಡಿನ ಗ್ರೂಯಿನಾರ್ಡ್ ಎಂಬ ನಿರ್ಜನ ದ್ವೀಪದಲ್ಲಿ ಈ ಬೀಜಾಣುಗಳನ್ನು ಆಯುಧವಾಗಿ ಬಳಸಬಹುದೆ ಎಂದು ಕುರಿಗಳ ಮೇಲೆ ಪರೀಕ್ಷೆ ನಡೆಸಿದರು. ಕುರಿಗಳು ಸತ್ತವು, ಪರೀಕ್ಷೆ ಮುಗಿಯಿತು, ದ್ವೀಪಕ್ಕೆ ಮಾತ್ರ ಯಾರೂ ಕಾಲಿಡುವಂತಿರಲಿಲ್ಲ. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ಆ ನೆಲಕ್ಕೆ ಉಣಿಸಿದರು. 1990ರಲ್ಲಿ, ಎಂದರೆ 48 ವರ್ಷಗಳ ಮೇಲೆ, ದ್ವೀಪವು ನಿರಪಾಯವೆಂದು ಸಾರಲಾಯಿತು. ಇನ್ನೊಂದು ಸಂಗತಿ ಸೈಬೀರಿಯದ ಯಮಾಲ್ ಎಂಬ ಹಿಮನಾಡಿನದು. ಅಲ್ಲಿ 1941ರಿಂದೀಚೆಗೆ ಈ ರೋಗ ಕಂಡಿರಲಿಲ್ಲ. 2016ರ ಬೇಸಗೆ ಬಹಳ ಬಿಸಿಯಾಗಿ ಹೆಪ್ಪುಗಟ್ಟಿದ್ದ ನೆಲ ಕರಗಿದಾಗ ರೋಗವು ಮತ್ತೆ ಎದ್ದಿತು. ಎರಡು ಸಾವಿರಕ್ಕೂ ಮೇಲ್ಪಟ್ಟು ಹಿಮಸಾರಂಗಗಳು ಸತ್ತವು. 12 ವರ್ಷದ ಒಬ್ಬ ಹುಡುಗನೂ ತೀರಿಕೊಂಡನು.

ಅಷ್ಟು ದೂರ ಹೋಗಬೇಕಾದ್ದಿಲ್ಲ. ನಮ್ಮ ನೆರೆಹೊರೆಯಲ್ಲಿಯೇ ಸಾಕಷ್ಟು ಸಾಕ್ಷಿಗಳಿವೆ. ಸುಣ್ಣದ ಅಂಶವೂ ಸಾವಯವ ಪದಾರ್ಥವೂ ಕೂಡಿದ, ಹುಳಿಯಿಲ್ಲದ ಮಣ್ಣು ಬೀಜಾಣುವಿಗೆ ಚೆನ್ನಾಗಿ ಒಗ್ಗುವುದು. ಮಲೆನಾಡಿನ ಹುಳಿಮಣ್ಣು ಅಷ್ಟಾಗಿ ಒಗ್ಗದು. ಕರ್ನಾಟಕದಲ್ಲಿ ಕುರಿಗಳ ಹಿಂಡು ಹೆಚ್ಚಾಗಿರುವ ಬಯಲುಸೀಮೆಯ ಜಿಲ್ಲೆಗಳಿಗೆ ಈ ರೋಗದ ಪರಿಚಯ ಹಳೆಯದು. ಮೈಸೂರು ಸೀಮೆಯಲ್ಲಿ ಮನುಷ್ಯರಿಗೆ ತಗಲಿದ ಒಂದು ಸಂದರ್ಭವನ್ನು ಕುರಿತ ವರದಿ 2004ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಒಡಿಶಾದ ಕೊರಾಪುಟ್ ಜಿಲ್ಲೆಯಲ್ಲಿ ಸತ್ತ ದನದ ಮಾಂಸವನ್ನು ಹಂಚಿಕೊಂಡ ಬಡವರಲ್ಲಿ ಅದು ಮರಮರಳಿ ಕಾಣಿಸಿಕೊಂಡಿದೆ. ಆದರೆ ಹುಳಿಮಣ್ಣಿನ ಮಲೆನಾಡು ಇದರಿಂದ ಪೂರ್ತಿಯಾಗಿ ಪಾರಾದಂತೆಯೂ ಅಲ್ಲ. 2021ರ ಜುಲೈಯಲ್ಲಿ ಕೊಯಮತ್ತೂರಿನ ಬಳಿಯ ಆನೈಕಟ್ಟಿಯ ಕಾಡಿನಲ್ಲಿ ಸತ್ತ ಆನೆಯೊಂದರ ರಕ್ತದಲ್ಲಿ ನೆರಡಿಯ ದಂಡಾಣು ಕಂಡುಬಂದಿತು. 2022ರ ಜೂನ್ ತಿಂಗಳಲ್ಲಿ ಕೇರಳದ ಆದಿರಪಳ್ಳಿಯ ಕಾಡುಹಂದಿಗಳು ಇದೇ ರೋಗದಿಂದ ಸತ್ತವು. ಇವೆರಡೂ ಕೊಡಗಿನ ಕಾಡುಗಳು ಸೇರಿರುವ ಸಹ್ಯಾದ್ರಿಯ ಮಡಿಲಿನಲ್ಲಿಯೇ ನಡೆದವು ಎಂಬುದನ್ನು ಮರೆಯಲಾಗದು.

ದನಕ್ಕೆ ಇದು ತಗಲುವ ಬಗೆ ಹೀಗೆ. ಬೇಸಗೆಯಲ್ಲಿ ಹುಲ್ಲು ಮೋಟಾದಾಗ ದನ ಕುರಿಗಳು ಬುಡದವರೆಗೂ ಕಚ್ಚಿ ಮೇಯುವುವು. ಹುಲ್ಲಿನ ಜೊತೆಗೆ ಮಣ್ಣೂ ಬಾಯಿಗೆ ಬರುವುದು. ಒಣ ಮುಳ್ಳುಕಡ್ಡಿಗಳಿಂದ ಬಾಯಿ ಗಂಟಲು ಗೀರಿದ್ದರಂತೂ ಬೀಜಾಣುವಿಗೆ ದಾರಿ ಸಲೀಸು. ಬೇಸಗೆಯ ಮೇಲೆ ಮೊದಲ ಮಳೆಗಳು ಬಿದ್ದು ನೀರು ಮೇಲುಮಣ್ಣನ್ನು ಕಲಕಿ ತಗ್ಗಿನಲ್ಲಿ ನಿಲ್ಲಿಸಿದಾಗ ರೋಗವು ಹೆಚ್ಚಾಗಿ ಕಾಣುವುದು ಇದರಿಂದಲೇ. ರೋಗ ಹಿಡಿದ ದನವು ಬಹುಕಾಲ ನರಳುವುದಿಲ್ಲ. ಬೆಳಿಗ್ಗೆ ಮೇವು ತಿಂದದ್ದು ಸಂಜೆಗೆ ಸತ್ತು ಬಿದ್ದಿರುವುದುಂಟು. ಹೆಣವು ಬೇಗನೆ ಉಬ್ಬುವುದು; ಕಾಲುಗಳು ಸಾಮಾನ್ಯವಾಗಿ ಸೆಟೆಯುವಷ್ಟು ಸೆಟೆಯವು; ಮೂಗು, ಬಾಯಿ, ಗುದಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಒಸರುವುದು. ಈ ಗುರುತುಗಳೆಲ್ಲ ಪ್ರತಿಸಲವೂ ಕೂಡಿ ಬರುವುದಿಲ್ಲ. ಆದ ಕಾರಣ ಹಠಾತ್ತಾದ ಸಾವೊಂದೇ ಸಂಶಯಕ್ಕೆ ಸಾಕು ಎಂದಿಟ್ಟುಕೊಳ್ಳುವುದು ಜಾಣತನ. ಹಾವು ಕಚ್ಚಿರಬಹುದು, ಸಿಡಿಲು ಹೊಡೆದಿರಬಹುದು ಎಂದು ಸಮಾಧಾನ ಹೇಳಿಕೊಂಡು ಹೆಣವನ್ನು ಕುಯ್ಯಲು ಹೊರಡುವುದೇ ಅನೇಕ ಕಡೆ ಅನರ್ಥಕ್ಕೆ ಮೊದಲಾಗಿದೆ.

ಇನ್ನು ಮನುಷ್ಯನ ವಿಷಯ. ನೆರಡಿಯು ಮನುಷ್ಯನಿಗೆ ಉಸಿರಿನ ಮೂಲಕ, ಊಟದ ಮೂಲಕ, ಚರ್ಮದ ಮೂಲಕ ಬರಬಹುದು. ಮೊದಲಿನ ಎರಡೂ ಭಯಂಕರ. ಆದರೆ ನೂರರಲ್ಲಿ ತೊಂಬತ್ತೈದಕ್ಕೆ ಕಡಮೆಯಿಲ್ಲದೆ ಕಾಣುವುದು ಮೂರನೆಯದೇ. ಗೀರು, ತರಚು, ಮುಳ್ಳು ಚುಚ್ಚಿದ ಗಾಯ, ಇಂಥ ಬಾಗಿಲು ಬೀಜಾಣುವಿಗೆ ಬೇಕು. ಕಾಫಿ ತೋಟದಲ್ಲಿ ದುಡಿಯುವವನ ಕೈಯಲ್ಲಿ ಇವು ಇಲ್ಲದ ದಿನವುಂಟೆ? ಸೋಂಕು ತಗಲಿದ ಒಂದರಿಂದ ಏಳು ದಿನಗಳೊಳಗೆ ಕೈ, ತೋಳು, ಕುತ್ತಿಗೆ ಅಥವಾ ಮುಖದ ಮೇಲೆ ಸೊಳ್ಳೆ ಕಚ್ಚಿದಂಥ ಒಂದು ಗುಳ್ಳೆ ಏಳುವುದು. ನವೆಯಿರುತ್ತದೆ. ಒಂದೆರಡು ದಿನಗಳಲ್ಲಿ ಅದು ನೀರುಗುಳ್ಳೆಯಾಗುವುದು. ಸುತ್ತಲೂ ಸಣ್ಣ ಗುಳ್ಳೆಗಳು ಬಳೆಯಂತೆ ಏಳುವುದುಂಟು. ಆಮೇಲೆ ಗುಳ್ಳೆಯೊಡೆದು ನಡುವೆ ಕುಳಿ ಬೀಳುವುದು. ಕುಳಿಯಲ್ಲಿ ಇದ್ದಲಿನಂಥ ಕರಿಯ ಹಕ್ಕಳೆ ಕಟ್ಟುವುದು. ಹುಣ್ಣು ಚಿಕ್ಕದಾದರೂ ಸುತ್ತಲಿನ ಬಾವು ಬಹು ದೊಡ್ಡದು. ಕಣ್ಣಿನ ಬಳಿ ಎದ್ದರೆ ಮುಖವೇ ಗುರುತು ಸಿಗದಷ್ಟು ಊದಿಕೊಳ್ಳಬಹುದು.

ಇಷ್ಟೆಲ್ಲ ಆದರೂ ಹುಣ್ಣಿನಲ್ಲಿ ನೋವಿರುವುದಿಲ್ಲ! ಈ ರೋಗದ ಮೋಸವೆಲ್ಲ ಇಲ್ಲಿಯೇ ಇದೆ. ನೋವಿದ್ದರೆ ಮನುಷ್ಯನು ವೈದ್ಯನ ಬಳಿಗೆ ಓಡುವನು, ನೋವಿಲ್ಲದಿದ್ದರೆ ನಾಳೆಯಾದೀತೆನ್ನುವನು. ದಿನಗೂಲಿಯವನ ಪಾಲಿಗೆ ಆಸ್ಪತ್ರೆಯ ದಾರಿಯೆಂದರೆ ಒಂದು ದಿನದ ಸಂಬಳವಲ್ಲವೆ? ಈ ನೋವಿಲ್ಲದಿರುವಿಕೆಗೆ ಕಾರಣವೇನೆಂಬುದು ಬಹುಕಾಲ ಒಗಟಾಗಿತ್ತು. ದಂಡಾಣುವು ಮೂರು ಬಗೆಯ ಸಸಾರಜನಕಗಳನ್ನು ಸುರಿಸುತ್ತದೆ: ಒಂದು ನಮ್ಮ ಜೀವಕೋಶದ ಬಾಗಿಲನ್ನು ತೆರೆಯುವುದು, ಇನ್ನೊಂದು ಒಳಹೊಕ್ಕು ನೀರನ್ನು ತುಂಬಿಸಿ ಬಾವನ್ನು ಉಂಟುಮಾಡುವುದು, ಮೂರನೆಯದು ಕೋಶವನ್ನು ಕೊಲ್ಲುವುದು. ಇವುಗಳಲ್ಲಿ ಬಾವನ್ನು ತರುವ ವಿಷವೇ ನೋವನ್ನು ಸಾಗಿಸುವ ನರಗಳನ್ನು ಹಿಡಿದು ಅವುಗಳ ಬಾಯಿ ಕಟ್ಟುವುದೆಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಗಳ ಮೇಲಿನ ಪರೀಕ್ಷೆಗಳಿಂದ 2021ರ ಡಿಸೆಂಬರಿನಲ್ಲಿ ತೋರಿಸಿದರು. ಕಳ್ಳನು ಮನೆಗೆ ಕನ್ನವಿಡುವ ಮೊದಲು ನಾಯಿಗೆ ಮದ್ದು ಹಾಕಿದಂತಾಯಿತು.

ಚಿಕಿತ್ಸೆಯ ವಿಷಯದಲ್ಲಿ ಸಂತೋಷದ ಸಂಗತಿಯುಂಟು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಚರ್ಮದ ನೆರಡಿಯು ಐವರಲ್ಲಿ ಒಬ್ಬನವರೆಗೂ ಬಲಿ ತೆಗೆದುಕೊಳ್ಳಬಹುದು. ತಕ್ಕ ಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಒಬ್ಬನೂ ಸಾಯಬೇಕಾದ್ದಿಲ್ಲ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮೊದಲಾದ ಸಾಧಾರಣ ಔಷಧಿಗಳೇ ಸಾಕು. ಇವು ಎಲ್ಲ ಊರುಗಳ ಔಷಧಾಲಯಗಳಲ್ಲಿಯೂ ಸಿಕ್ಕುವುವು. ಯಾವುದನ್ನು ಎಷ್ಟು ದಿನ ಎಂಬುದನ್ನು ಮಾತ್ರ ವೈದ್ಯನೇ ಗೊತ್ತುಮಾಡಬೇಕು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಔಷಧಿಯನ್ನು ಸೇವಿಸತೊಡಗಿದ ಒಂದು ದಿನದೊಳಗಾಗಿ ಹುಣ್ಣಿನ ದಂಡಾಣುಗಳು ಸಾಯುವುವಾದರೂ, ಅವು ಆಗಲೇ ಸುರಿಸಿದ ವಿಷವು ತನ್ನ ಕೆಲಸವನ್ನು ಮುಗಿಸಿಯೇ ತೀರುವುದು; ಹಕ್ಕಳೆ ಕಪ್ಪಾಗುತ್ತಲೇ ಹೋಗಿ ಎರಡು ಮೂರು ವಾರಗಳ ಮೇಲೆ ಉದುರುವುದು. ಇದನ್ನು ಕಂಡು ಮದ್ದು ಹಿಡಿಯಲಿಲ್ಲವೆಂದು ನಿಲ್ಲಿಸಿಬಿಡಬಾರದು. ಎರಡನೆಯದು, ಹುಣ್ಣನ್ನು ಕೊಯ್ಯುವುದು, ಹಿಂಡುವುದು, ಸುಡುವುದು, ಇವು ಯಾವುದೂ ಕೂಡದು. ಹಾಗೆ ಮಾಡಿದರೆ ಒಂದೆಡೆಯಿದ್ದ ವಿಷ ಮೈಗೆಲ್ಲ ಹರಡಲು ಹಾದಿಯಾದೀತು. ಪಶುವಿನ ಮೇಲಾಗಲಿ ಮನುಷ್ಯನ ಮೇಲಾಗಲಿ ಕತ್ತಿಯು ಈ ರೋಗಕ್ಕೆ ಮಿತ್ರನೇ ಹೊರತು ಶತ್ರುವಲ್ಲ.

ತೋಟದ ನಾಡಿನಲ್ಲಿ ಇನ್ನೊಂದು ಕರಿಯ ಹಕ್ಕಳೆಯೂ ಉಂಟೆಂಬುದನ್ನು ಸೇರಿಸಬೇಕು. ಪೊದೆ ಹುಲ್ಲುಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕುಟುಕುಹುಳುವಿನ ಮರಿ ಕಚ್ಚುವುದರಿಂದ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿಯೂ ನೋವಿಲ್ಲದ ಕರಿಯ ಚುಕ್ಕೆ ಕಾಣುವುದು. ಆದರೆ ಅದು ಹೆಚ್ಚಾಗಿ ಕಂಕುಳು, ತೊಡೆಸಂದು ಮೊದಲಾದ ಮರೆಯ ಎಡೆಗಳಲ್ಲಿರುವುದು. ಅಲ್ಲಿ ಬಾವು ಕಡಮೆ, ಜ್ವರ ತಲೆನೋವು ಹೆಚ್ಚು. ನೆರಡಿಯಲ್ಲಿ ಹುಣ್ಣು ಬಯಲಾಗಿರುವ ಅಂಗಗಳಲ್ಲಿ ಏಳುವುದು, ಬಾವು ಹೆಚ್ಚು. ಇವೆರಡನ್ನೂ ಬೇರ್ಪಡಿಸುವ ಭಾರ ವೈದ್ಯನದು. ನಾವು ಮಾಡತಕ್ಕದ್ದೇನೆಂದರೆ, ಕರಿಯ ಹುಣ್ಣನ್ನು ಹೊತ್ತು ಬಂದವನು ತಾನು ಹಿಂದಿನ ವಾರ ಯಾವ ದನವನ್ನು ಮುಟ್ಟಿದೆ, ಯಾವ ಚರ್ಮವನ್ನು ಹೊತ್ತೆ ಎಂಬುದನ್ನು ಕೇಳದಿದ್ದರೂ ಹೇಳುವಂತೆ ಮಾಡುವುದು. ಆ ಒಂದು ಮಾತಿನಿಂದ ವೈದ್ಯನ ಅರ್ಧ ಕೆಲಸ ಹಗುರವಾಗುವುದು. ಹುಣ್ಣಿನವನನ್ನು ಕಂಡು ಹೆದರಿ ದೂರವಿಡಬೇಕಾದ್ದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದು ಬಲು ಅಪೂರ್ವ. ಹುಣ್ಣಿಗೆ ಕಟ್ಟಿದ ಬಟ್ಟೆಯನ್ನು ಸುಟ್ಟರೆ ಸಾಕು.

ಇದು ಹಳ್ಳಿಯ ಮಾತು, ನಮಗೇಕೆ ಎಂದು ಪಟ್ಟಣದ ಕೇಳುಗರು ಕೇಳಬಹುದು. ನೆರಡಿಯು ಪಟ್ಟಣಗಳ ಹಾದಿಯನ್ನು ಅರಿಯದ್ದೇನಲ್ಲ. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಇಂಗ್ಲೆಂಡು ಅಮೆರಿಕಗಳ ಸಿಪಾಯಿಗಳೂ ನಾಗರಿಕರೂ ಕುದುರೆಯ ಕೂದಲಿನ ಹೊಸ ಕ್ಷೌರದ ಬ್ರಷ್‌ಗಳಿಂದ ಇದನ್ನು ಮುಖಕ್ಕೆ ತಂದುಕೊಂಡರು. ಬ್ರಾಡ್‌ಫರ್ಡಿನ ಗಿರಣಿಗಳಲ್ಲಿ ಉಣ್ಣೆಯನ್ನು ವಿಂಗಡಿಸುವವರು ಅದರ ಧೂಳನ್ನು ಸೇವಿಸಿ ಸತ್ತರು. 2006ರಲ್ಲಿಯೂ 2008ರಲ್ಲಿಯೂ ಬ್ರಿಟನ್ನಿನಲ್ಲಿ ಹದಮಾಡದ ತೊಗಲಿನ ಚರ್ಮವಾದ್ಯಗಳ ಸಂಪರ್ಕದಿಂದ ಜೀವಹಾನಿಯಾಯಿತು. 2001ರಲ್ಲಿ ಅಮೆರಿಕದಲ್ಲಿ ಯಾರೋ ಬೀಜಾಣುಗಳ ಪುಡಿಯನ್ನು ಅಂಚೆಯ ಲಕೋಟೆಗಳಲ್ಲಿ ಕಳುಹಿಸಿದಾಗ 22 ಮಂದಿಗೆ ರೋಗ ತಗಲಿತು. ಅವರಲ್ಲಿ 11 ಮಂದಿಗೆ ಉಸಿರಿನ ಮೂಲಕ, 11 ಮಂದಿಗೆ ಚರ್ಮದ ಮೂಲಕ. ಸತ್ತ ಐವರೂ ಮೊದಲಿನ ಗುಂಪಿನವರೇ. ಚರ್ಮದ ಹುಣ್ಣಿನವರೆಲ್ಲರೂ ಬದುಕಿಕೊಂಡರು. ಅದೇ ಹುಣ್ಣಿನಿಂದ ನಮ್ಮ ಹಳ್ಳಿಯ ಕೂಲಿಕಾರನು ಸಾಯುವುದಾದರೆ ಅದಕ್ಕೆ ಕಾರಣ ದಂಡಾಣುವಿನ ಬಲವಲ್ಲ, ತಡವಾದ ಚಿಕಿತ್ಸೆ.

ತಡೆಯುವ ಉಪಾಯಗಳಲ್ಲಿ ಮೊದಲನೆಯದು ಪಶುಗಳಿಗೆ ಲಸಿಕೆ. 1881ರಲ್ಲಿ ಫ್ರಾನ್ಸಿನ ಪೂಯಿ-ಲ-ಫೋರ್ ಎಂಬ ಊರಿನ ಹೊಲದಲ್ಲಿ ಲೂಯಿ ಪಾಶ್ಚರನು ಎಲ್ಲರ ಕಣ್ಣೆದುರಿಗೆ ಒಂದು ಪರೀಕ್ಷೆಯನ್ನು ನಡೆಸಿದನು. ಬಲಗುಂದಿಸಿದ ದಂಡಾಣುವನ್ನು 24 ಕುರಿಗಳಿಗೂ ಒಂದು ಆಡಿಗೂ ಮೊದಲೇ ಚುಚ್ಚಿದ್ದನು; ಅಷ್ಟೇ ಸಂಖ್ಯೆಯ ಇನ್ನೊಂದು ಹಿಂಡಿಗೆ ಏನನ್ನೂ ಚುಚ್ಚಿರಲಿಲ್ಲ. ಬಳಿಕ ಎರಡು ಹಿಂಡುಗಳಿಗೂ ಬಲವಾದ ದಂಡಾಣುವನ್ನು ಕೊಟ್ಟನು. ಜೂನ್ 2ರಂದು ಜನ ಸೇರಿ ನೋಡಿದಾಗ ಲಸಿಕೆಯ ಹಿಂಡು ನಿಂತು ಮೇಯುತ್ತಿತ್ತು. ಇನ್ನೊಂದು ಹಿಂಡು ಆ ಸಂಜೆಯೊಳಗೆ ಪೂರ್ತಿಯಾಗಿ ನೆಲ ಹಿಡಿಯಿತು. ಈಗ ಬಳಕೆಯಲ್ಲಿರುವ ಲಸಿಕೆಗೆ ಮೂಲವಾದದ್ದು ದಕ್ಷಿಣ ಆಫ್ರಿಕದಲ್ಲಿ ಮ್ಯಾಕ್ಸ್ ಸ್ಟರ್ನ್ ಎಂಬವರು 1937ರಲ್ಲಿ ಪ್ರಕಟಿಸಿದ ನಿರಪಾಯವಾದ ತಳಿ. ನಮ್ಮ ನಾಡಿನಲ್ಲಿ ಇದನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ತಯಾರಿಸುವರು. ದೊಡ್ಡರೋಗದಿಂದ ದನಗಳನ್ನು ಉಳಿಸುವುದಕ್ಕೆಂದು 1925ರಲ್ಲಿ ಮೈಸೂರು ಸೀರಂ ಸಂಸ್ಥೆಯೆಂಬ ಹೆಸರಿನಿಂದ ಹುಟ್ಟಿದ್ದೇ ಇದು. ರೋಗವು ಹಿಂದೆ ಕಂಡ ಊರುಗಳಲ್ಲಿ ವರ್ಷಕ್ಕೊಮ್ಮೆ, ರೋಗದ ಕಾಲಕ್ಕೆ ಮುಂಚೆ, ಲಸಿಕೆ ಹಾಕಿಸುವುದು ಕ್ರಮ. ಇದು ಜೀವವಿರುವ ಲಸಿಕೆಯಾದ್ದರಿಂದ ಆ ದಿನಗಳಲ್ಲಿ ದನಕ್ಕೆ ಪೆನಿಸಿಲಿನ್ ಮೊದಲಾದ ಮದ್ದುಗಳನ್ನು ಕೊಟ್ಟರೆ ಲಸಿಕೆಯೂ ವ್ಯರ್ಥವಾಗುವುದು.

ಎರಡನೆಯದು ಹೆಣದ ಸಂಸ್ಕಾರ. ದನವು ಹಠಾತ್ತಾಗಿ ಸತ್ತರೆ ಅದನ್ನು ಇದ್ದಲ್ಲಿಯೇ ಬಿಟ್ಟು, ನಾಯಿ ಕಾಗೆಗಳು ಮುಟ್ಟದಂತೆ ಮುಚ್ಚಿ, ಕಾವಲಿಟ್ಟು, ಪಶುವೈದ್ಯನಿಗೆ ಸುದ್ದಿ ಕಳುಹಿಸಬೇಕು. 1962 ಎಂಬ ದೂರವಾಣಿ ಸಂಖ್ಯೆಗೆ ಕರೆದರೂ ಆಗುವುದು. ವೈದ್ಯನು ಹೆಣವನ್ನು ಸೀಳುವುದಿಲ್ಲ. ಕಿವಿಯ ನರದಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡುವನು. ನೆರಡಿಯೆಂದು ಗೊತ್ತಾದರೆ ಸುಡುವುದು ಉತ್ತಮ. ಅದಾಗದಿದ್ದರೆ ನೀರಿನ ಸೆಲೆಗೆ ದೂರವಾದ ಎಡೆಯಲ್ಲಿ ಆರಡಿಗೆ ಕಡಮೆಯಿಲ್ಲದ ಗುಂಡಿಯಲ್ಲಿ ಹೂಳುವುದು. ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯಗಳಲ್ಲಿ 2019ರ ಆಗಸ್ಟಿನಲ್ಲಿ ಕಾವೇರಿಯು ಮನೆಗಳ ಒಳಕ್ಕೇ ನುಗ್ಗಿದ್ದನ್ನು ಕಂಡವರಿಗೆ ಹೊಳೆಯ ದಡದಲ್ಲಿ ಹೂಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆಳವಲ್ಲದ ಗುಂಡಿಯಿಂದ ಎರೆಹುಳುಗಳು ಬೀಜಾಣುಗಳನ್ನು ಮೇಲಕ್ಕೆ ತರಬಲ್ಲವೆಂದು ಪಾಶ್ಚರನು 1880ರಲ್ಲಿಯೇ ಹೇಳಿದ್ದನು. ಹೆಣದ ಮೇಲೆ ಸುಣ್ಣ ಸುರಿಯುವ ವಾಡಿಕೆ ನಮ್ಮಲ್ಲಿ ಬಹಳ ಕಾಲದಿಂದ ಉಂಟು. ಸುಣ್ಣದ ಅಂಶ ಬೀಜಾಣುವಿನ ಆಯುಸ್ಸಿಗೆ ನೆರವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಕೈಪಿಡಿಯು ಅದನ್ನು ಒಪ್ಪುವುದಿಲ್ಲ. ಹೆಣವನ್ನು ಮುಟ್ಟಿದವರು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಮದ್ಯಸಾರದ ಕೈದ್ರವವು ಬೀಜಾಣುವನ್ನು ಕೊಲ್ಲಲಾರದು. ಗೀರು ಗಾಯಗಳಿದ್ದವರು ಹುಣ್ಣು ಏಳುವವರೆಗೆ ಕಾಯದೆ ವೈದ್ಯನನ್ನು ಕಾಣುವುದು ಕ್ಷೇಮ. ಪಶುಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ 2009ರ ಕೇಂದ್ರ ಕಾಯಿದೆಯ ಪ್ರಕಾರ ಇಂಥ ರೋಗದ ಸಂಶಯವನ್ನು ಅಧಿಕಾರಿಗಳಿಗೆ ತಿಳಿಸುವುದು ಒಡೆಯನ ಕರ್ತವ್ಯವೂ ಹೌದು.

ಆದರೆ ಕಾಯಿದೆಯಾಗಲಿ ಉಪದೇಶವಾಗಲಿ ಒಂದು ಮಿತಿಯನ್ನು ದಾಟಲಾರವು. ಸತ್ತ ದನವನ್ನು ಕುಯ್ಯುವವರು ಅಜ್ಞಾನದಿಂದ ಕುಯ್ಯುವರೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಎರಡು ಹಸುಗಳಲ್ಲಿ ಒಂದನ್ನು ಕಳೆದುಕೊಂಡವನ ಲೆಕ್ಕವನ್ನು ನಾವು ಒಮ್ಮೆ ಹಾಕಿ ನೋಡಬೇಕು. ಹಾಲು ಹೋಯಿತು, ಕರು ಹೋಯಿತು, ಸಾಲ ಉಳಿಯಿತು. ಚರ್ಮಕ್ಕೆ ನಾಲ್ಕು ಕಾಸು ಬಂದೀತು. ಮಾಂಸವು ನಾಲ್ಕು ಮನೆಗಳ ಒಂದು ಹೊತ್ತಿಗಾದೀತು. ಅದನ್ನೂ ಸುಟ್ಟುಬಿಡು, ಸುಡುವುದಕ್ಕೆ ಸೌದೆಯನ್ನೂ ನೀನೇ ತಾ, ಎಂದರೆ ಅವನು ಕೇಳುವನೆ? ಅವನು ಕತ್ತಿಯನ್ನು ಎತ್ತದೆ ಇರುವುದರಿಂದ ಬದುಕುವವರು ಅವನ ಮನೆಯವರು ಮಾತ್ರವಲ್ಲ; ತೋಟದ ಇತರ ಕೂಲಿಕಾರರು, ಒಡೆಯನ ದನಗಳು, ಅದೇ ಹುಲ್ಲನ್ನು ಮೇಯುವ ಕಾಡಿನ ಆನೆ, ಐವತ್ತು ವರ್ಷಗಳ ಮೇಲೆ ಆ ನೆಲವನ್ನು ಅಗೆಯುವವನು, ಎಲ್ಲರೂ ಲಾಭದಲ್ಲಿ ಪಾಲುಗಾರರು. ಲಾಭ ಎಲ್ಲರದೂ, ನಷ್ಟ ಅವನೊಬ್ಬನದು ಎಂಬ ಏರ್ಪಾಟು ನ್ಯಾಯವೂ ಅಲ್ಲ, ನಡೆಯುವಂಥದೂ ಅಲ್ಲ. ತೋಟದ ಒಡೆಯನು ಸೌದೆಯನ್ನೂ ಆಳುಗಳನ್ನೂ ಒದಗಿಸಿ, ಸತ್ತ ಹಸುವಿನ ಚರ್ಮದ ಬೆಲೆಯನ್ನು ಕೈಯಿಂದ ಕೊಟ್ಟರೆ ಅದು ದಾನವಲ್ಲ. ತನ್ನ ನೆಲಕ್ಕೆ ತಾನು ಕಟ್ಟಿಕೊಂಡ ಬೇಲಿ. ಕರಿಯ ಹುಣ್ಣಿನ ಕೂಲಿಕಾರನಿಗೆ ಸಂಬಳ ಹಿಡಿಯದೆ ಒಂದು ದಿನದ ರಜೆಯನ್ನು ಕೊಟ್ಟು ಆಸ್ಪತ್ರೆಗೆ ಕಳುಹಿಸುವುದೂ ಹಾಗೆಯೇ. ಲಸಿಕೆಯು ಹೆಬ್ಬಾಳದಿಂದ ಬರಬಹುದು, ಔಷಧಿ ಪೇಟೆಯಿಂದ ಬರಬಹುದು. ಆದರೆ ಸತ್ತ ದನದ ಬಳಿ ನಿಂತವನ ಕೈಯಿಂದ ಕತ್ತಿಯನ್ನು ಇಳಿಸುವುದು ಅವನ ನೆರೆಯವರಿಂದಲೇ ಆಗಬೇಕು.